ಬೇಲಿಯಿಲ್ಲದ ಸಾಲು

ನಮ್ಮ ಭಾವನಿಗೆ ಎರಡು ಚಟ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಸೊಟ್ಟ ಫೋಟೊ ನೆಟ್ಟಗೆ ಮಾಡುವುದು ಒಂದು. ನಾನು ಪ್ರೋಗ್ರಾಮ್ ಬರೆಯುವ ಭಾಷೆಯನ್ನು ಆಡಿಕೊಳ್ಳುವುದು ಇನ್ನೊಂದು. ಅವರೂ ಪ್ರೋಗ್ರಾಮರೇ. ಅವರ ಭಾಷೆಯಲ್ಲಿ ಆಜ್ಞೆಗಳ ಗುಂಪಿಗೆ ಹಿಂದೆ ಮುಂದೆ ಬ್ರಾಕೆಟ್ಟಿನ ಬೇಲಿ. ನನ್ನದರಲ್ಲಿ ಬೇಲಿ ಇಲ್ಲ; ಸಾಲನ್ನು ತುಸು ಒಳಗೆ ಸರಿಸಿದರೆ ಸಾಕು, ಅದು ಮೇಲಿನ ಸಾಲಿನ ಮಾತು ಕೇಳುತ್ತದೆ.

"ಖಾಲಿ ಜಾಗಕ್ಕೂ ಅರ್ಥ ಇರುತ್ತೇನೋ? ಏನೂ ಇಲ್ಲ ಅಂದ್ರೆ ಏನೂ ಇಲ್ಲ!" ಎನ್ನುತ್ತಿದ್ದರು.

ಅಕ್ಕ ಪ್ರಾಣಿಗಳ ಡಾಕ್ಟರು. ಹೊಸದಾಗಿ ಸ್ವಂತ ಆಸ್ಪತ್ರೆ ತೆರೆದಿದ್ದಳು. ಬೋನುಗಳಿಗೆ ಕರೆಂಟಿನ ಚಿಲಕ, ಅದನ್ನು ನಡೆಸುವ ಪ್ರೋಗ್ರಾಮ್ ನನ್ನದು. 'ಬೆಂಕಿ ಬಿದ್ದರೆ' ಎಂಬ ಸಾಲಿನ ಕೆಳಗೆ, ಒಳಗೆ ಸರಿದ ಎರಡು ಸಾಲು: ಗಂಟೆ ಬಾರಿಸು, ಎಲ್ಲ ಬೋನು ತೆರೆ.

"ಒಂದು ಬೆಕ್ಕು ಕಳೆದ್ರೂ ನನ್ನ ಹೆಸರು ಮಣ್ಣುಪಾಲು. ಆಮೇಲೆ ಯಾರೂ ಈ ಕಡೆ ತಲೆ ಹಾಕಲ್ಲ" ಎಂದು ಮೊದಲೇ ಹೇಳಿದ್ದಳು.

ಆಸ್ಪತ್ರೆಯ ಕಂಪ್ಯೂಟರಿನ ಮುಂದೆ ಕೂತಿದ್ದ ನಾನು ಟೀ ಕುಡಿಯಲು ಎದ್ದೆ. ಭಾವ ನನ್ನ ಕುರ್ಚಿಯಲ್ಲಿ ಕೂತರು. ಅವರ ಭಾಷೆಯಲ್ಲಿ ಗುಂಪು ಮುಗಿಸುವ ಬ್ರಾಕೆಟ್ಟು ಎಡದ ಅಂಚಿಗೇ ಬಂದು ನಿಲ್ಲಬೇಕು. ಆ ಅಭ್ಯಾಸದ ಕಣ್ಣಿಗೆ ನನ್ನ ಕೊನೆಯ ಸಾಲು ಸೊಟ್ಟ ಫೋಟೊದಂತೆ ಕಂಡಿತು. ಎಡಕ್ಕೆ ಎಳೆದು ಸೇವ್ ಒತ್ತಿ, ಪ್ರೋಗ್ರಾಮ್ ಓಡಿಸಿದರು.

ಅಂಚಿಗೆ ಬಂದ ಆ ಸಾಲು 'ಬೆಂಕಿ ಬಿದ್ದರೆ' ಎಂಬುದರ ಮಾತು ಕೇಳಬೇಕಿರಲಿಲ್ಲ; ಬೋನು ತೆರೆಯಲು ಇನ್ನು ಬೆಂಕಿಯ ಹಂಗಿರಲಿಲ್ಲ. ಚಿಲಕಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡವು. ಕಾಲಿಗೆ ಬ್ಯಾಂಡೇಜು ಕಟ್ಟಿದ್ದ ನಾಯಿ ಕುಂಟುವುದನ್ನೇ ಮರೆತು ಮೊಲದ ಹಿಂದೆ ಬಿತ್ತು. ಬೆಕ್ಕೊಂದು ಕಿಟಕಿ ಹಾರಿ ಪಕ್ಕದ ಮನೆಯ ಮಾಡು ಹತ್ತಿತು. ಅಕ್ಕನೇ ಏಣಿ ಹಾಕಿ ಹತ್ತಿ, ಕೈಯೆಲ್ಲ ಪರಚಿಸಿಕೊಂಡು ಇಳಿಸಿ ತಂದಳು.

"ಬ್ರಾಕೆಟ್ ಇದ್ದಿದ್ರೆ ಹೀಗಾಗ್ತಿತ್ತಾ?" ಎಂದರು ಭಾವ. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ನಿಮ್ಮ ಕೈ ಸುಮ್ನಿದ್ದಿದ್ರೂ ಆಗ್ತಿರ್ಲಿಲ್ಲ ಭಾವ" ಎಂದೆ.

ಅಕ್ಕ ರಾತ್ರಿ ಊಟಕ್ಕೆ ಎಂದಿನಂತೆ ಭಾವನ ಪಕ್ಕ ಕೂರದೆ, ಕುರ್ಚಿಯನ್ನು ಮೇಜಿನ ಆ ತುದಿಗೆ ಎಳೆದುಕೊಂಡಳು.

ಭಾವ ನಡುವಿನ ಜಾಗವನ್ನೇ ನೋಡಿದರು. "ಅಷ್ಟು ದೂರ ಯಾಕೆ ಕೂತೆ? ಏನಿದರ ಅರ್ಥ?"

"ಬರೀ ಖಾಲಿ ಜಾಗ ಕಣ್ರೀ. ಅದಕ್ಕೇನು ಅರ್ಥ ಇರುತ್ತೆ?"

ಭಾವ ತಟ್ಟೆ ಹಿಡಿದು ಮೆಲ್ಲನೆ ಎದ್ದರು.

"ಅಲ್ಲೇ ಇರಿ."

ಕೂತರು. ನಾನು ಕಿಸಕ್ಕನೆ ನಕ್ಕೆ.

"ನೀನೇನು ನಗ್ತೀಯ? ಒಂದು ಸಾಲು ಜರುಗಿದ್ರೆ ಎಲ್ಲಾ ಬೋನೂ ತೆರೆಯೋ ಹಾಗೆ ಬರೆದೋನು ನೀನು" ಎಂದಳು ಅಕ್ಕ. "ನಿನ್ನ ತಟ್ಟೆ ಹೊರಗಡೆ ಮೆಟ್ಟಿಲ ಮೇಲಿದೆ."