ಏಕಾದಶಿಯ ಅಡುಗೆಮನೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಆ ಡಿಸೆಂಬರಿನಲ್ಲಿ ನನಗೆ ಕಾಲು ಚಾಚುವ ಯೋಚನೆಯೇ ಇರಲಿಲ್ಲ, ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಳ್ಳುವ ಯೋಚನೆ ಇತ್ತು. ನಾನು ಮತ್ತು ನನ್ನ ಹನ್ನೊಂದು ವರ್ಷದ ಮಗಳು ಅಕ್ಷಯಾ ಮದ್ರಾಸಿನ ಕ್ರೋಂಪೇಟೆಯ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆವು. ಚರ್ಮ ಹದ ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ನನಗೆ ಕೆಲಸ, ಸಂಜೆ ಮನೆಗೆ ಬಂದು ಎಷ್ಟು ಸೋಪು ತಿಕ್ಕಿದರೂ ಸೀರೆಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ನನ್ನ ಗಂಡ ಶ್ರೀನಾಥ ಮೈಸೂರಿನಲ್ಲಿ ತನ್ನ ತಾಯಿಯ ಜೊತೆಗಿದ್ದ. ನಾನು ಅವನನ್ನು ಬಿಟ್ಟು ಬಂದಾಗಿತ್ತು, ಕೇಸು ಕೋರ್ಟಿನಲ್ಲಿ ನಿದ್ದೆ ಹೊಡೆಯುತ್ತಿತ್ತು.

ಶ್ರೀನಾಥ ಕುಡಿದವನಲ್ಲ, ಕೈ ಎತ್ತಿದವನೂ ಅಲ್ಲ. ಅದಕ್ಕೇ ನನ್ನ ಹೆದರಿಕೆಯನ್ನು ಯಾರೂ ನಂಬುತ್ತಿರಲಿಲ್ಲ. ಅವನದು ಬೆಣ್ಣೆಯಂಥ ಮಾತು. ಜೊತೆಗಿದ್ದ ಕಾಲದಲ್ಲಿ ನಾನು ಎಲ್ಲಿಗೆ ಹೋದೆ, ಯಾರ ಹತ್ತಿರ ಎಷ್ಟು ಹೊತ್ತು ಮಾತಾಡಿದೆ ಎಂದು ನಗುನಗುತ್ತಲೇ ಕೇಳುತ್ತಿದ್ದ, ನಗುನಗುತ್ತಲೇ ಫೋನಿಗೆ ಬೀಗ ಹಾಕಿ ಆಫೀಸಿಗೆ ಹೊರಡುತ್ತಿದ್ದ. ಆ ವರ್ಷ ದಸರೆಯ ಹೊತ್ತಿಗೆ ಅಕ್ಷಯಾಳ ಸ್ಕೂಲ್ ಗೇಟಿಗೆ ಬಂದು, ಐಸ್‌ಕ್ರೀಮ್ ಕೊಡಿಸುತ್ತೇನೆಂದು ಆಟೋ ಹತ್ತಿಸಿಕೊಂಡು ಹೋದವನು ನನಗೆ ಫೋನ್ ಮಾಡಿದ್ದು ಮೈಸೂರಿನಿಂದ. ವಕೀಲರ ಕಾಲು ಹಿಡಿದು ಮಗಳನ್ನು ವಾಪಸ್ ತರುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಅಲ್ಲಿ ಹೇಗಿದ್ದೆ ಎಂದು ಕೇಳಿದರೆ ಅವಳದು ತಮಿಳಿನಲ್ಲಿ ಒಂದೇ ಮಾತು: "ಒಣ್ಣುಮಿಲ್ಲೆ." ಏನೂ ಇಲ್ಲ. ಅಪ್ಪನನ್ನು ಬಿಟ್ಟು ಬಂದ ಬೇಸರವಿರಬೇಕು, ನನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡು ನಾನೂ ಕೆದಕಲು ಹೋಗಲಿಲ್ಲ.

ಡಿಸೆಂಬರ್ ಶುರುವಿನಲ್ಲಿ ಅವನ ಫೋನ್ ಬಂತು. ಕ್ರಿಸ್‌ಮಸ್ ರಜಕ್ಕೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಈ ಸಲ ಮೈಸೂರಿನಲ್ಲೇ ಸ್ಕೂಲಿಗೆ ಸೇರಿಸುತ್ತೇನೆ, ನೀನು ಸುಮ್ಮನೆ ದಣಿಯಬೇಡ ಅನು, ಎಂದ. ಒಂದು ಸಲ ಸ್ಕೂಲಿಗೆ ಸೇರಿಸಿಬಿಟ್ಟರೆ ಕೋರ್ಟು ಕೂಡ ಮಗುವಿನ ಓದು ಕೆಡುತ್ತದೆಂದು ಅಲ್ಲೇ ಬಿಡುತ್ತದೆ ಎಂದು ವಕೀಲರು ಮೊದಲೇ ಹೇಳಿದ್ದರು. ರಜ ಮುಗಿಯುವವರೆಗೆ ಅವನ ಕಣ್ಣಿಗೆ ಬೀಳದಂತೆ ಎಲ್ಲಾದರೂ ಇರಬೇಕಿತ್ತು. ಅದೇ ಹೊತ್ತಿಗೆ ಅಕ್ಷಯಾಳ ಕ್ಲಾಸಿನವರೆಲ್ಲ ಊಟಿ, ಕೊಡೈಕೆನಾಲ್ ಎಂದು ಹೊರಟಿದ್ದರು, ನಾವು ಎಲ್ಲಿಗೆ ಎಂದು ಅವಳೂ ಒಂದೇ ಸಮ ಕೇಳುತ್ತಿದ್ದಳು.

ಹೋಟೆಲು ನನ್ನ ಸಂಬಳಕ್ಕೆ ಎಟುಕುವುದಲ್ಲ. ನೆಂಟರ ಮನೆ ಅವನು ಮೊದಲು ಹುಡುಕುವ ಜಾಗ. ನಮ್ಮಂಥವರಿಗೆ ಕಡಿಮೆ ಖರ್ಚಿನ ಪ್ರವಾಸ ಎಂದರೆ ಮಠದ ರೂಮು ತಾನೇ? ಅದೇ ಊರಿನ ತಿರುವಲ್ಲಿಕ್ಕೇಣಿಯಲ್ಲಿ ಒಂದು ಸಣ್ಣ ಮಠ ನೋಡಿಕೊಳ್ಳುತ್ತಿದ್ದ ವಿಷ್ಣುತೀರ್ಥಾಚಾರ್ಯರಿಗೆ ತೀರಿಹೋದ ನನ್ನ ಅಪ್ಪನ ಪರಿಚಯವಿತ್ತು. ಚಂದ್ರಶೇಖರರಾಯರ ಮಗಳು ಎಂದಷ್ಟೇ ಹೇಳಿದೆ, ಅವರೂ ಗಂಡನ ಹೆಸರು ಕೇಳಲಿಲ್ಲ. ಮನೆಯ ಓನರಮ್ಮನಿಗೆ ಕೊಡೈಕೆನಾಲ್ ಎಂದು ಹೇಳಿ, ಅವರು ನಂಬಲೆಂದು ಎರಡು ಸ್ವೆಟರನ್ನು ಕೈಯಲ್ಲಿ ಎದ್ದುಕಾಣುವಂತೆ ಹಿಡಿದು ಆ ಬಿಸಿಲಿನಲ್ಲಿ ಲೋಕಲ್ ರೈಲು ಹತ್ತಿದೆ. ಮದ್ರಾಸಿನಿಂದ ಮದ್ರಾಸಿಗೆ ಪ್ರವಾಸ ಹೊರಟವರು ನಾವೇ ಮೊದಲಿರಬೇಕು.

ಅಕ್ಷಯಾ ಮುಖ ಊದಿಸಿಕೊಂಡು ಬಂದವಳು ಮರೀನಾದ ನೀರು ಕಾಲಿಗೆ ತಾಗಿದ್ದೇ ಎಲ್ಲ ಮರೆತಳು. ಕಡಲೆಕಾಳಿನ ಸುಂಡಲ್ ತಿಂದಳು, ಬಲೂನಿಗೆ ಗುರಿಯಿಟ್ಟು ಹೊಡೆದಳು, ಕಾಸಿಮೇಡು ಬಂದರಿನಿಂದ ಹೊರಟ ಮೀನುದೋಣಿಗಳ ಕಡೆ ಕೈಬೀಸಿದಳು. ನಾನು ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ ರಸ್ತೆಯನ್ನೇ ನೋಡುತ್ತ ನಿಂತಿದ್ದೆ. ಬಿಳಿ ಶರಟಿನ ಎತ್ತರದ ಗಂಡಸು ಯಾರು ಇತ್ತ ಬಂದರೂ ಅವನೇ ಎಂದುಕೊಳ್ಳುತ್ತಿದ್ದೆ, ಆ ಊರಿನಲ್ಲಿ ಬಿಳಿ ಶರಟಿಗೇನು ಬರವೇ?

ಮಠದಲ್ಲಿ ಇಳಿದುಕೊಂಡವರು ಒಂದು ಸೇವೆ ಮಾಡಿಸುವುದು ವಾಡಿಕೆ. ಕ್ರಿಸ್‌ಮಸ್ ದಿನ ಬೆಳಗ್ಗೆ ಅರ್ಚನೆಗೆ ಕೂತೆವು. ಅರ್ಚಕರು ಸಂಕಲ್ಪಕ್ಕೆ ಗೋತ್ರ, ಮನೆಯ ಯಜಮಾನರ ಹೆಸರು ಕೇಳಿದರು. ಓನರಮ್ಮನಿಗೆ, ಆಫೀಸಿಗೆ, ಸ್ಕೂಲಿಗೆ ಹೀಗೆ ಊರಿಗೆಲ್ಲ ಸುಳ್ಳು ಹೇಳಿಕೊಂಡು ಬಂದ ಬಾಯಿ ದೇವರ ಮುಂದೆ ಕೈಕೊಟ್ಟಿತು. ಸುಳ್ಳು ಹೆಸರು ಹೇಳಿ ಮಾಡಿಸಿದ ಸೇವೆ ಯಾರಿಗೆ ಮುಟ್ಟೀತು ಎಂದು ಒಂದು ಕ್ಷಣ ಅಳುಕಿದ್ದೇ ತಡ, ಹಳೆಯ ಅಭ್ಯಾಸದಂತೆ ಗೋತ್ರವೂ ಬಂತು, ಶ್ರೀನಾಥನ ಹೆಸರೂ ಬಂತು. ಅರ್ಚಕರು ಅದನ್ನು ಹಜಾರ ತುಂಬುವಂತೆ ಕೂಗಿದರು.

ಕಂಬದ ಪಕ್ಕ ಹೂಬತ್ತಿ ಹೊಸೆಯುತ್ತಿದ್ದ ಆಚಾರ್ಯರ ಹೆಂಡತಿ ಅಂಬುಜಮ್ಮ ತಲೆಯೆತ್ತಿ ನೋಡಿದರು. ನನ್ನನ್ನು ಬಿಟ್ಟು ಅಕ್ಷಯಾಳ ಮುಖವನ್ನೇ ನೋಡಿದರು. ಮೂಗು ಹಾಗೇ ಇದೆ, ಇವಳು ಮೈಸೂರಿನ ಜಯಲಕ್ಷ್ಮಮ್ಮನ ಮೊಮ್ಮಗಳಲ್ಲವೇ ಎಂದರು. ನನ್ನ ಅತ್ತೆ ಜಯಲಕ್ಷ್ಮಮ್ಮ ಅವರಿಗೆ ದೊಡ್ಡಪ್ಪನ ಮಗಳಂತೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ನಮ್ಮ ಜನದ ನಡುವೆ ಕಡಿಮೆ ಖರ್ಚಿನಲ್ಲಿ ರೂಮು ಸಿಗುವುದು ನೆಂಟಸ್ತಿಕೆಯಿಂದ, ಸಿಕ್ಕಿಬೀಳುವುದೂ ಅದರಿಂದಲೇ ಎಂಬುದು ನನ್ನ ತಲೆಗೆ ಹೊಳೆಯಬೇಕಿತ್ತು.

ಸಂಜೆ ಸಮುದ್ರದಿಂದ ವಾಪಸ್ ಬಂದಾಗ ಅಂಬುಜಮ್ಮ ಸಂತೋಷವಾಗಿಯೇ ಸುದ್ದಿ ಹೇಳಿದರು. ಮೈಸೂರಿಗೆ ಫೋನ್ ಮಾಡಿದ್ದರಂತೆ, ಶ್ರೀನಾಥನೇ ತೆಗೆದುಕೊಂಡನಂತೆ, ಸೊಸೆ ಮೊಮ್ಮಗಳು ನಮ್ಮಲ್ಲಿ ಸುಖವಾಗಿದ್ದಾರೆ ಎಂದು ಹೇಳಿದರಂತೆ. ಅವರ ಪಕ್ಕ ಕುಸಿದು ಕೂತು, ಇವಳಪ್ಪ ಬಂದರೆ ಮಗುವನ್ನು ಕರೆದುಕೊಂಡು ಹೋಗುತ್ತಾರೆ, ಮತ್ತೆ ಕೊಡುವುದಿಲ್ಲ ಎಂದೆ. ಅಂಬುಜಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಹೆತ್ತ ತಂದೆ ತಾನೇ ಮ್ಮಾ," ಎಂದರು ಕೊನೆಗೆ. ಇವರೂ ಅವನ ಕಡೆಯವರೇ ಎಂದುಕೊಂಡು ಎದ್ದು ಬಂದೆ.

ಆಗಲೇ ಕತ್ತಲಾಗಿತ್ತು. ಹೋಗುವುದಾದರೂ ಎಲ್ಲಿಗೆ? ಬೆಳಗ್ಗೆ ಎದ್ದವಳೇ ಹೊರಟುಬಿಡಬೇಕೆಂದು ಬ್ಯಾಗು ಕಟ್ಟಿ ಬಾಗಿಲ ಪಕ್ಕ ಇಟ್ಟೆ. ಆದರೆ ಮರುದಿನ ವೈಕುಂಠ ಏಕಾದಶಿ. ಅಂಥ ದಿನ ಸ್ನಾನ ಮಾಡದೆ ಮಠದ ಹೊಸ್ತಿಲು ದಾಟಲು ನನಗೆ ಮನಸ್ಸು ಬರಲಿಲ್ಲ. ಅಕ್ಷಯಾಳ ಸ್ನಾನ ಮುಗಿಸಿ, ತಲೆ ಬಾಚಿ, ಇಲ್ಲೇ ಕೂತಿರು ಎಂದು ಹೇಳಿ ನಾನು ಮಹಡಿಯ ಕೊನೆಯ ಬಚ್ಚಲಿಗೆ ಹೋದೆ. ಅವನಿಗೆ ಹೆದರುವವಳು ದೇವರಿಗೂ ಹೆದರಲು ಹೋದರೆ ಹೀಗೇ ಆಗುವುದು.

ವಾಪಸ್ ಬಂದಾಗ ರೂಮಿನ ಬಾಗಿಲು ತೆರೆದಿತ್ತು. ಮಗಳಿಲ್ಲ. ಬ್ಯಾಗಿಲ್ಲ. ಅವಳ ಚಪ್ಪಲಿಯೂ ಇಲ್ಲ. ಹೊದಿಕೆಯನ್ನು ಯಾರೋ ಅಂದವಾಗಿ ಮಡಚಿ ಚಾಪೆಯ ಮೇಲೆ ಇಟ್ಟಿದ್ದರು.

ಪಕ್ಕದ ಮೆಟ್ಟಿಲಿಳಿದು ಸಂದಿಯಿಂದ ಬೀದಿಗೆ ಓಡಿದೆ. ದೇವಸ್ಥಾನಕ್ಕೆ ಹೋಗುವ ಜನ ಬೀದಿ ತುಂಬ ಕಟ್ಟೆಯೊಡೆದ ನೀರಿನ ಹಾಗೆ ಬರುತ್ತಿದ್ದರು. ನೀಲಿ ಫ್ರಾಕು, ಎರಡು ಜಡೆ, ಎಂದು ಹೂ ಮಾರುವವಳನ್ನು ಕೇಳಿದೆ, ಆಟೋದವನನ್ನು ಕೇಳಿದೆ. ಇಷ್ಟು ಜನರಲ್ಲಿ ಯಾವ ನೀಲಿ ಫ್ರಾಕಮ್ಮಾ ಎಂದು ಅವರು ನನ್ನ ಒದ್ದೆ ಕೂದಲನ್ನು ನೋಡಿದರು. ಈಗ ಅವಳು ಸ್ಟೇಷನ್ನಿನ ದಾರಿಯಲ್ಲಿರಬೇಕು, ಅವಳ ಕೈಯಲ್ಲಿ ಐಸ್‌ಕ್ರೀಮ್ ಇರಬೇಕು ಎಂದು ಮನಸ್ಸು ಹೇಳುತ್ತಲೇ ಇತ್ತು. ಅವಳು ನಗುತ್ತ ಹೋದಳೇನೋ ಎಂಬ ಹೆದರಿಕೆ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಆಚಾರ್ಯರಿಗಾದರೂ ಹೇಳೋಣವೆಂದು ಮಠದ ಮುಂಬಾಗಿಲಿಗೆ ಬಂದರೆ, ಚಪ್ಪಲಿಗಳ ನಡುವೆ ಒಂದು ಜೊತೆ ಕಂದು ಬೂಟು. ಹಿಮ್ಮಡಿಯ ಭಾಗ ತುಳಿದು ತುಳಿದು ಚಪ್ಪಟೆಯಾಗಿತ್ತು. ಅಷ್ಟು ವರ್ಷ ದಿನಾ ಅದನ್ನು ಎತ್ತಿ ಗೂಡಿನಲ್ಲಿಟ್ಟವಳು ನಾನು, ಗುರುತು ಸಿಗದಿರುತ್ತದೆಯೇ? ಬೂಟು ಇಲ್ಲಿದೆ ಎಂದರೆ ಅವನು ಇನ್ನೂ ಒಳಗಿದ್ದಾನೆ, ಮಗಳೂ ಒಳಗಿರಬಹುದು. ಮತ್ತೆ ಸಂದಿಯಿಂದಲೇ ಸುತ್ತಿ, ಮಠಕ್ಕೆ ಅಂಟಿಕೊಂಡಂತಿದ್ದ ಆಚಾರ್ಯರ ಮನೆಯ ಹಿಂದಿನ ಬಾವಿಕಟ್ಟೆಗೆ ಹೋಗಿ ಗೋಡೆಯ ಮರೆಯಲ್ಲಿ ನಿಂತೆ.

ಅಂಬುಜಮ್ಮ ತಮ್ಮ ಮಡಿ ಅಡುಗೆಮನೆಯ ಹೊಸ್ತಿಲ ಮೇಲೆ ಜಪಮಣಿ ಹಿಡಿದು ಕೂತಿದ್ದರು. ಏಕಾದಶಿಯಾದ್ದರಿಂದ ಒಲೆ ಹೊತ್ತಿಸಿರಲಿಲ್ಲ. ಅವರ ಹಿಂದೆ ಬಾಗಿಲು ಹಾರುಹೊಡೆದಿತ್ತು, ಒಳಗೆಲ್ಲ ಕತ್ತಲು. ಎದುರಿಗೆ ಶ್ರೀನಾಥ. ರೂಮು ಖಾಲಿ ಇದೆಯಲ್ಲ ಚಿಕ್ಕಮ್ಮ, ಎಲ್ಲಿ ಅವರು ಎಂದು ಅದೇ ನಗುವಿನಲ್ಲಿ ಕೇಳುತ್ತಿದ್ದ.

"ನಿನ್ನೆ ಸಾಯಂಕಾಲವೇ ಹೊರಟ್ಹೋದ್ರಪ್ಪ," ಎಂದರು ಅಂಬುಜಮ್ಮ. "ತಿರುಪತಿಗೋ ಏನೋ ಅಂದ್ರು."

ಅವನು ನಂಬಲಿಲ್ಲ. ಅವರ ಹೆಗಲ ಮೇಲಿನಿಂದ ಕತ್ತಲೊಳಗೆ ಕಣ್ಣು ಹಾಯಿಸಿದ. ಒಂದು ಸಲ ಒಳಗೆ ನೋಡಿಬಿಡುತ್ತೇನೆ ಎಂದು ಒಂದು ಹೆಜ್ಜೆ ಮುಂದೆ ಬಂದ.

"ರೈಲ್ ಇಳಿದು ಬಂದಿದೀಯ, ಸ್ನಾನ ಇಲ್ಲ, ಮಡಿ ಇಲ್ಲ. ದಾಟಬೇಡ." ಅವರು ಕೂತಲ್ಲಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

ಕೋರ್ಟಿನ ನೋಟೀಸಿಗೆ ಹೆದರದ ಮನುಷ್ಯ ಆ ಹೊಸ್ತಿಲಿಗೆ ಹೆದರಿದ. ಎಷ್ಟಾದರೂ ಜಯಲಕ್ಷ್ಮಮ್ಮ ಬೆಳೆಸಿದ ಮಗ, ಮುಂದಿಟ್ಟ ಕಾಲು ತಾನಾಗಿ ಹಿಂದಕ್ಕೆ ಹೋಯಿತು. ಇನ್ನೂ ಏನೇನೋ ಕೇಳಿದ, ಅವರು ಮಣಿ ಎಣಿಸುತ್ತ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮುಂಬಾಗಿಲ ಕಡೆ ಬೂಟಿನ ಸದ್ದಾಗಿ, ಆಮೇಲೆ ಆಟೋದ ಸದ್ದೂ ದೂರವಾಯಿತು.

ನಾನು ಗೋಡೆಯ ಮರೆಯಿಂದ ಬಂದೆ. ಅಂಬುಜಮ್ಮ ನನ್ನನ್ನು ನೋಡಿ ಮಣಿಯನ್ನು ಮಡಿಲಲ್ಲಿಟ್ಟರು.

"ನೀನು ಹೇಳಿದ್ಮೇಲೆ ರಾತ್ರಿಯೆಲ್ಲ ಯೋಚನೆ ಮ್ಮಾ. ಫೋನಲ್ಲಿ ಅವನು ಕೊಳಂದೆ, ಮಗು ಹೇಗಿದಾಳೆ, ಊಟ ಮಾಡ್ತಾಳಾ ಅಂತ ಒಂದು ಮಾತ್ ಕೇಳಲಿಲ್ಲ. ರೂಮ್ ನಂಬರ್ ಕೇಳಿದ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಬೆಳಗ್ಗೆ ಅವನು ಆಟೋ ಇಳಿಯೋದು ಕಂಡಿತು. ನೀನು ಬಚ್ಚಲಲ್ಲಿದ್ದೆ. ಮಗೂನ, ಬ್ಯಾಗನ್ನ ಎತ್ಕೊಂಡು ಬಂದ್ಬಿಟ್ಟೆ."

ಹೊಸ್ತಿಲ ಹತ್ತಿರ ಹೋದವಳು ಅಲ್ಲೇ ನಿಂತೆ. ಬೀದಿಯೆಲ್ಲ ಸುತ್ತಿ, ಎಲ್ಲರನ್ನೂ ಮುಟ್ಟಿಕೊಂಡು ಬಂದ ಸೀರೆ ನನ್ನದು. ಅಂಬುಜಮ್ಮನಿಗೆ ಅದು ಅರ್ಥವಾಯಿತು.

"ನಾನೇ ಏಕಾದಶಿ ದಿನ ಸುಳ್ಳು ಹೇಳಿ ಆಯ್ತು. ನಿನ್ನ ಮೈಲಿಗೆ ಯಾವ ಲೆಕ್ಕ? ಹೋಗು ಒಳಗೆ."

ಒರಳುಕಲ್ಲಿನ ಹಿಂದೆ ಅಕ್ಷಯಾ ಮುದುಡಿ ಕೂತಿದ್ದಳು. ಬ್ಯಾಗು ತೊಡೆಯ ಮೇಲಿತ್ತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಪ್ಪ ಕರೆದರೆ ಓಡಿಹೋಗುತ್ತಾಳೆ ಎಂದು ನಾನು ಹೆದರಿದ್ದ ಮಗು ಉಸಿರಿನ ಸದ್ದೂ ಕೇಳಿಸದ ಹಾಗೆ ಕೂತಿತ್ತು. ನಾನು ಕೈ ಹಿಡಿದು ಎಳೆದುಕೊಂಡೆ.

"ಪೋಯಿಟ್ಟಾರಾ?" ಎಂದಳು ಪಿಸುದನಿಯಲ್ಲಿ. ಹೋದರು ಎಂದೆ. ನಂಬದೆ ನನ್ನ ಮುಖವನ್ನೇ ನೋಡಿದಳು.

ಅವನು ಮತ್ತೆ ಬಂದರೆ ಎಂಬ ಯೋಚನೆಗೆ ಅಂಬುಜಮ್ಮ ಎದ್ದು ಅಡುಗೆಮನೆಯ ಬಾಗಿಲು ಎಳೆಯಲು ಹೋದರು. ಅಕ್ಷಯಾ ಚಿಟ್ಟನೆ ಚೀರಿ ನನ್ನ ಸೊಂಟವನ್ನು ಅಪ್ಪಿಕೊಂಡಳು. ಆಗಲೂ ಹೀಗೇ, ಬಾಗಿಲು ಹಾಕಿದರೆ ಕೂಗುತ್ತೇನೆ ಎಂದು ಹಟ ಹಿಡಿದಳು, ಅದಕ್ಕೇ ತೆರೆದಿಟ್ಟು ನಾನೇ ಅಡ್ಡ ಕೂತೆ ಎಂದರು ಅಂಬುಜಮ್ಮ. ಯಾಕೆ ಪುಟ್ಟಾ ಎಂದು ಕೇಳಿದೆ. ವರ್ಷಗಳಿಂದ ನನಗೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದವಳು ಕನ್ನಡದಲ್ಲಿ ಹೇಳಿದಳು, ನಾನು ಒಂದು ಮಾತನ್ನೂ ತಪ್ಪಿ ಕೇಳಬಾರದು ಎಂಬಂತೆ.

"ಮೈಸೂರಲ್ಲಿ ಅಪ್ಪ ಆಫೀಸಿಗೆ ಹೋಗೋವಾಗ ನನ್ನ ರೂಮಿಗೆ ಬೀಗ ಹಾಕ್ತಿದ್ರು. ಅಜ್ಜಿ ಕಿಟಕೀಲಿ ಊಟ ಕೊಡ್ತಿದ್ರು."

ಅಂಬುಜಮ್ಮ ಬಾಗಿಲ ಮೇಲಿಟ್ಟ ಕೈಯನ್ನು ತೆಗೆದರು. ಬಾಗಿಲನ್ನು ಗೋಡೆಯವರೆಗೆ ಪೂರ್ತಿ ತೆರೆದು, ನಮಗೆ ಬೆನ್ನು ಹಾಕಿ, ಮತ್ತೆ ಹೊಸ್ತಿಲ ಮೇಲೆ ಅಡ್ಡವಾಗಿ ಕೂತರು.