ಗೌಡರ ಎಡಗಾಲಿಗೊಂದು ಕ್ಲಚ್ಚು

ಒಂದೇ ವರ್ಷದಲ್ಲಿ ಎರಡು ಕ್ಲಚ್ ಪ್ಲೇಟು ಸುಟ್ಟು ಕರಕಲಾದವೆಂದರೆ ತಪ್ಪು ಯಾರದು? ಕಾರು ನಂಜಪ್ಪಗೌಡರದು, ಆದ್ದರಿಂದ ತಪ್ಪು ಬೈರಯ್ಯನದು. ಇದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ.

ಬೈರಯ್ಯ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳನ್ನು ಬಿಚ್ಚಿ ಜೋಡಿಸಿ ಕೆಲಸ ಕಲಿತವನು. ಹಾಸನದಲ್ಲಿ ಅವನದೊಂದು ತಗಡಿನ ಷೆಡ್ಡು. ಗೌಡರು ಅರಕಲಗೂಡಿನ ಕಡೆಯ ದೊಡ್ಡ ಜಮೀನುದಾರರು. ಸಾವಿರದ ಒಂಬೈನೂರ ಐವತ್ತಾರರಲ್ಲಿ ಒಬ್ಬ ಬಿಳಿ ದೊರೆ ಕಾಫಿ ತೋಟ ಮಾರಿ ತನ್ನ ಸೀಮೆಗೆ ಹೊರಟಾಗ ಅವನ ಎಂಟು ಸಿಲಿಂಡರಿನ ಅಮೆರಿಕದ ಕಾರನ್ನು ಕೊಂಡಿದ್ದರು. ಸ್ಟಾರ್ಟ್ ಮಾಡಿದರೆ ಮರದ ಕಾಗೆಗಳೆಲ್ಲ ಹಾರಿಹೋಗುತ್ತಿದ್ದವು. ಡ್ರೈವರನ್ನು ಇಟ್ಟುಕೊಳ್ಳಿ ಎಂದರೆ ಕೇಳುವವರಲ್ಲ. ಹಗ್ಗ ಇನ್ನೊಬ್ಬನ ಕೈಗೆ ಕೊಟ್ಟವನು ಯಜಮಾನನೇ ಅಲ್ಲ ಎಂಬುದು ಅವರ ವಾದ.

ಈ ಸಲ ಬೈರಯ್ಯನ ಹೊಟ್ಟೆಪಾಡೇ ಪಣಕ್ಕಿತ್ತು. ಚನ್ನರಾಯಪಟ್ಟಣದ ಈಶ್ವರಯ್ಯನವರು ತಮ್ಮ ನಾಲ್ಕು ಬಸ್ಸುಗಳ ರಿಪೇರಿಯನ್ನು ಅವನಿಗೆ ಒಪ್ಪಿಸುವ ಮನಸ್ಸು ಮಾಡಿದ್ದರು, ಆದರೆ ಗೌಡರನ್ನು ಒಂದು ಮಾತು ಕೇಳಿಯೇ ಕೊಡುತ್ತೇನೆ ಎಂದಿದ್ದರು. ಗೌಡರ ಮಾತೋ, ಆಗಲೇ ಹೊರಬಿದ್ದಿತ್ತು: "ಈ ಸಲ ಹಾಕೋದೂ ಸುಟ್ಟೋದ್ರೆ, ನಿನ್ ಕೈಗೆ ಒಂದು ಸೈಕಲ್ಲೂ ಬರದಂಗೆ ಮಾಡ್ತೀನಿ ಕಣ್ಲಾ ಬೈರ."

ಹೊಸ ಪ್ಲೇಟು ಹಾಕುವ ಮೊದಲು, ಸುಟ್ಟದ್ದು ಇನ್ನೂ ಅಷ್ಟಿಷ್ಟು ಹಿಡಿಯುತ್ತಿರುವಾಗಲೇ, ಒಂದು ಸಲ ಜೊತೆಗೆ ಕೂತು ನೋಡಬೇಕು ಎಂದು ಬೈರಯ್ಯ ಕೇಳಿಕೊಂಡ. ಗೌಡರು ಪೇಚಿಗೆ ಬಿದ್ದರು. ಅವನು ಊರಾಚೆಯ ಕೇರಿಯವನು, ಪಕ್ಕದಲ್ಲಿ ಕೂರಿಸಿಕೊಳ್ಳುವುದುಂಟೇ? ಎತ್ತಿನ ಗಾಡಿಯಲ್ಲಿ ಯಜಮಾನ ಮುಂದೆ ಕೂರುತ್ತಾನೆ, ಆಳು ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂರುತ್ತಾನೆ. ಅದೇ ಲೆಕ್ಕದಲ್ಲಿ ಅವನನ್ನು ಹಿಂದಕ್ಕೆ ಅಟ್ಟಿದರು. ಹಿಂದೆ ಇದ್ದದ್ದು ದೊರೆಯೂ ದೊರೆಸಾನಿಯೂ ಕೂರುತ್ತಿದ್ದ ಮೆತ್ತನೆಯ ಚರ್ಮದ ಸೀಟು.

ಹೊಳೆನರಸೀಪುರದ ರಸ್ತೆಯುದ್ದಕ್ಕೂ ಗೌಡರು ಸ್ಟೀರಿಂಗ್ ತಿರುಗಿಸಿ ಬೆವರಿದರು, ಬೈರಯ್ಯ ಹಿಂದೆ ಒರಗಿಕೊಂಡು ಗಾಳಿ ಕುಡಿದ. ದಾರಿಯಲ್ಲಿ ಒಬ್ಬ ಪೊಲೀಸಿನವನು ಹಿಂದಿನ ಸೀಟಿಗೆ ಸೆಲ್ಯೂಟ್ ಹೊಡೆದ. ಗೌಡರು ಅದು ತಮಗೇ ಎಂದುಕೊಂಡು ತಲೆಯಾಡಿಸಿದರು. ಬೈರಯ್ಯ ಮೀಸೆ ಕಚ್ಚಿಕೊಂಡು ನಗು ತಡೆದ.

ಮುಂದಕ್ಕೆ ಬಗ್ಗಿ ನೋಡಿದಾಗ ರೋಗವೂ ಅಲ್ಲಿಂದಲೇ ಕಂಡಿತು. ಎತ್ತಿನ ಗಾಡಿ ಹೊಡೆಯುವಾಗ ಮುಂದಿನ ಮೂಕಿ ಮರದ ಮೇಲೆ ಕಾಲೂರುವ ಅಭ್ಯಾಸದ ಗೌಡರು ಎಡಗಾಲನ್ನು ಕ್ಲಚ್ ಪೆಡಲಿನ ಮೇಲೆ ಊರಿದವರು ತೆಗೆದೇ ಇರಲಿಲ್ಲ. ಪೆಡಲು ಅರ್ಧ ಒತ್ತಿಕೊಂಡೇ ಇದ್ದರೆ ಪ್ಲೇಟು ಜಾರಿ ಜಾರಿ ಸುಡದೆ ಇನ್ನೇನಾದೀತು? ಆದರೆ ಹೇಳುವುದು ಹೇಗೆ? ಗೌಡರ ಕಾಲಿಗೆ ಬಿದ್ದವರನ್ನು ಊರು ಕಂಡಿತ್ತು, ಆ ಕಾಲಲ್ಲೇ ತಪ್ಪು ಹುಡುಕಿದವರನ್ನು ಕಂಡಿರಲಿಲ್ಲ.

ಷೆಡ್ಡಿಗೆ ಬಂದು ಬೈರಯ್ಯ ಬೀಡಿ ಹಚ್ಚಿ ಯೋಚಿಸಿದ. ಹಳೆಯ ಥರದ್ದೇ ಪ್ಲೇಟು ಹಾಕಿದರೆ ಆರು ತಿಂಗಳು. ಬೆಂಗಳೂರಿನಿಂದ ತಾಮ್ರದ ಎಳೆ ನೇಯ್ದ ಹೊದಿಕೆಯ, ಅಂದರೆ ಲೈನಿಂಗಿನ ಪ್ಲೇಟು ತರಿಸಿದರೆ ಕಾವು ತಡೆದೀತು, ಆದರೆ ಗೌಡರ ಕಾಲಿಗೆ ಅದೂ ವರ್ಷದ ಊಟ. ಕೊನೆಗೆ ತಾಮ್ರದ ಲೈನಿಂಗನ್ನೇ ತರಿಸಿ, ಅದರ ಮೇಲೆ ಹಳೆಯ ಮಿಲಿಟರಿ ಲಾರಿಯ ಕ್ಲಚ್ಚಿನ ಗಟ್ಟಿ ಸ್ಪ್ರಿಂಗುಗಳನ್ನು ಕೂರಿಸಿದ. ಈಗ ಸುಮ್ಮನೆ ಕಾಲಿಟ್ಟರೆ ಪೆಡಲು ಅಲುಗುತ್ತಲೇ ಇರಲಿಲ್ಲ. ಒತ್ತಬೇಕೆಂದರೆ ಸೊಂಟದ ಶಕ್ತಿಯೆಲ್ಲ ಬೇಕು. ಬಲವಾದ ಎಂಜಿನ್ನಿಗೆ ಬಲವಾದ ಕ್ಲಚ್ಚು, ಅದನ್ನು ತುಳಿಯಲು ಗಂಡುಗಾಲೇ ಬೇಕು ಎಂದು ಗೌಡರಿಗೆ ವಿವರಿಸಿದ. ಅವರು ಪಂಚೆ ಎತ್ತಿ ಕಟ್ಟಿ ಸ್ಟೀರಿಂಗಿನ ಮುಂದೆ ಕೂತರು.

ಪರೀಕ್ಷೆಗೆಂದು ಚನ್ನರಾಯಪಟ್ಟಣಕ್ಕೇ ಹೊರಟರು. ಬೈರಯ್ಯ ಮತ್ತೆ ಹಿಂದೆಯೇ ಕೂತ. ಶಾಂತಿಗ್ರಾಮ ದಾಟುವಷ್ಟರಲ್ಲಿ ಗೌಡರ ಎಡಗಾಲು ತಾನಾಗಿ ಪೆಡಲಿನಿಂದ ಇಳಿದು ಪಕ್ಕದಲ್ಲಿ ಸುಮ್ಮನೆ ಕೂತಿತು. ಏರಿನಲ್ಲಿ ಕಾರು ಜಾರಲಿಲ್ಲ, ಸುಟ್ಟ ವಾಸನೆ ಬರಲಿಲ್ಲ. ಬೈರಯ್ಯ ಹಿಂದೆ ಮನಸ್ಸಿನಲ್ಲೇ ಕುಣಿದ.

ಈಶ್ವರಯ್ಯನವರ ಬಸ್ಸುಗಳು ನಿಲ್ಲುವ ಜಾಗದಲ್ಲಿ ಕಾರು ನಿಂತಿತು. ಯಾರೋ ದೊಡ್ಡ ಸಾಹೇಬರು ಬಂದರೆಂದು ಅಲ್ಲಿದ್ದವರು ಓಡಿಬಂದು ಹಿಂದಿನ ಬಾಗಿಲು ತೆಗೆದರು. ಬೈರಯ್ಯ ಇಳಿದ. ಮುಂದಿನ ಬಾಗಿಲು ಯಾರೂ ತೆಗೆಯಲಿಲ್ಲ. ಗೌಡರೇ ತೆಗೆದುಕೊಂಡು, ಎಡಗಾಲು ಎಳೆಯುತ್ತ ಇಳಿದರು.

ಈಶ್ವರಯ್ಯನವರು ಇಬ್ಬರನ್ನೂ ನೋಡಿ ಮೆಲ್ಲಗೆ ಕೇಳಿದರು: "ಏನ್ ಗೌಡ್ರೆ, ಬೈರಯ್ಯನ್ತಾವ ಡ್ರೈವರ್ ಕೆಲ್ಸಕ್ ಸೇರ್ಕಂಡ್ರಾ?"

ಸುತ್ತಲಿದ್ದವರು ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಗೌಡರು ತಿರುಗಿ ಹಿಂದಿನ ಸೀಟನ್ನು ನೋಡಿದರು. ಅದು ಎತ್ತಿನ ಗಾಡಿಯ ಹಿಂಭಾಗವಲ್ಲ, ದೊರೆಗಳು ಕೂರುವ ಜಾಗ ಎಂಬುದು ಆಗ ಹೊಳೆದು, ಅವರ ಮುಖ ಹುಳ್ಳಗಾಯಿತು. ನಾನು ತಿಳಿಯದೆ ಕೂರಿಸಿದೆ ಎಂದರೆ ಮಾನ ಹೋಗುತ್ತದೆ. ಉಳಿದದ್ದು ಒಂದೇ ದಾರಿ.

"ನಂಜಪ್ಪ ಯಾರ್ನೂ ಇಂಗೆ ಮೆರೆಸ್ಕಂಡು ಬರಲ್ಲ ಕಣಯ್ಯ," ಎಂದರು ಎಲ್ಲರಿಗೂ ಕೇಳುವಂತೆ. "ಇಂತಾ ಕೆಲ್ಸಗಾರ ಮೂರು ತಾಲೂಕಲ್ಲಿಲ್ಲ. ಅದ್ಕೇ ನಾನೇ ಕೂರಿಸ್ಕಂಡು ಬಂದಿವ್ನಿ."

ಹಾಗಾದರೆ ನಾಳೆಯಿಂದಲೇ ನಾಲ್ಕೂ ಬಸ್ಸು ಅವನ ಷೆಡ್ಡಿಗೇ ಬರುತ್ತವೆ ಎಂದರು ಈಶ್ವರಯ್ಯನವರು. ಕಾಫಿಯೂ ಬಂತು.

ಹೊರಡುವಾಗ ಗೌಡರು ಅತ್ತಿತ್ತ ನೋಡಿ, ಮುಂದಿನ ಬಾಗಿಲನ್ನು ತಾವೇ ತೆಗೆದು ಹಲ್ಲುಕಚ್ಚಿ ಪಿಸುಗುಟ್ಟಿದರು: "ಬಾರ್ಲಾ, ನನ್ ಪಕ್ಕ ಬಂದು ಕೂತ್ಕ."

ಅಷ್ಟರಲ್ಲಿ ಬೈರಯ್ಯ ಹಿಂದಿನ ಸೀಟಿಗೆ ಒರಗಿಯಾಗಿತ್ತು.

"ಬ್ಯಾಡಿ ಬುದ್ದಿ," ಎಂದ ಅವನು ವಿನಯದಿಂದ. "ಅಷ್ಟು ಜನದ ಮುಂದೆ ತಾವು ಆಡಿದ್ ಮಾತು ಸುಳ್ಳಾಗೋಯ್ತದೆ."