ತೊಟ್ಟಿಲ ಕೊಂಡಿ

ಹೆಂಡತಿಯ ನೌಕರಿಗಾಗಿ ಗಂಡ ಗಂಟುಮೂಟೆ ಕಟ್ಟಿದ್ದು ಅಂಕಲಗಿಯ ಮಗ್ಗುಲಿನ ಆ ಊರಲ್ಲಿ ಅದೇ ಮೊದಲು. ಕಟ್ಟೆಯ ಮೇಲೆ ಕೂತವರು ಎರಡು ದಿನ ಆಡಿಕೊಂಡು ನಕ್ಕರು, ಮೂರನೆಯ ದಿನ ಮರೆತರು. ಮರೆಯದೆ ಉಳಿದವನು ಸದಾಶಿವನೊಬ್ಬನೇ.

ಹಾಗೆ ನೋಡಿದರೆ ಹೋಗೋಣ ಎಂದವನೂ ಅವನೇ. ಸುವರ್ಣಾಗೆ ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೌಕರಿ ಸಿಕ್ಕಿತ್ತು. ಮಗಳು ನಂದಾಗೆ ಐದು ವರ್ಷ, ಮಗ ಮುತ್ತುಗೆ ಏಳು ತಿಂಗಳು. "ಹೊಲಾ, ಕುರಿ ಎಲ್ಲಾ ಅಣ್ಣ ನೋಡ್ಕೋತಾನ. ಮಕ್ಕಳನ್ನ ನಾ ನೋಡ್ಕೋತೇನಿ, ನೀ ಸಾಲಿಗಿ ಹೋಗು" ಎಂದು ದೊಡ್ಡ ಮನಸ್ಸು ಮಾಡಿದ. ದೊಡ್ಡ ಮನಸ್ಸು ಮಾಡುವುದು ಒಂದು ಗಳಿಗೆಯ ಕೆಲಸ. ದಿನಾ ಅದನ್ನು ಹೊತ್ತು ತಿರುಗುವವನಿಗೆ ಗೊತ್ತು ಅದರ ಭಾರ. ಅವ್ವ ಕೆಂಪವ್ವ ಹೊಸ ಕಂಬಳಿ, ಜೋಳದ ಚೀಲ, ಅವನೇ ಮಲಗಿ ಬೆಳೆದ ತೊಟ್ಟಿಲು, ಮೂರನ್ನೂ ಟ್ರ್ಯಾಕ್ಟರಿಗೆ ಏರಿಸಿ ಕಳಿಸಿದಳು.

ಹುಕ್ಕೇರಿಯಲ್ಲಿ ಇಂಥಲ್ಲಿ ಮನೆ ಖಾಲಿಯಿದೆ ಎಂದು ಸುವರ್ಣಾಗೆ ಹೇಳಿದವರು ಅವಳ ಶಾಲೆಯ ಗಣಿತದ ಮಾಸ್ತರರು, ಸಿದ್ರಾಮ ಸರ್. ಹಿತ್ತಲಲ್ಲಿ ಬೇವಿನ ಮರ, ಎರಡು ಖೋಲಿ, ಒಂದು ಅಡಿಗೆಮನೆ. ಮಾಲಕಿ ರಾಮವ್ವ ಅದೇ ಅಂಗಳದ ಮುಂದಿನ ಮನೆಯಲ್ಲಿದ್ದಳು. ಸಾಮಾನು ಇಳಿಸುವ ಮೊದಲೇ ಅವಳು ಕೇಳಿದ್ದು ಒಂದೇ ಮಾತು.

"ಅಡ್ಡಹೆಸರ ಏನ ತಮ್ಮಾ ನಿಮ್ದು?"

"ಪೂಜೇರಿ ರೀ ಕಾಕೂ."

"ಹಂಗಾರ ಅಡ್ಡಿಯಿಲ್ಲ ಬಿಡು."

ನಮ್ಮ ಕಡೆ ಜಾತಿ ಯಾವುದೆಂದು ಬಾಯಿಬಿಟ್ಟು ಕೇಳುವುದು ಒರಟುತನ. ಅಡ್ಡಹೆಸರು ಕೇಳಿದರೆ ಮರ್ಯಾದೆಯೂ ಉಳಿಯುತ್ತದೆ, ಬೇಕಾದದ್ದೂ ತಿಳಿಯುತ್ತದೆ. ಸದಾಶಿವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಚಾವಿ ತೆಗೆದುಕೊಂಡ, ಬಾಗಿಲು ತೆಗೆದ. ರಾಮವ್ವ ಚಹಾ ತಂದುಕೊಟ್ಟು ತನ್ನ ಕಥೆಯನ್ನೂ ಹೇಳಿದಳು: ಒಬ್ಬ ಮಗ ಪುಣೆಯಲ್ಲಿ, ಇನ್ನೊಬ್ಬ ನಿಪ್ಪಾಣಿಯಲ್ಲಿ. "ಎರಡೂ ಗಂಡ ಹುಟ್ಟಿದ್ವು. ಒಂದ ಮಗಳರ ಇದ್ದಿದ್ರ ನನ್ನ ಕಡೆ ತಿರುಗಿ ನೋಡ್ತಿದ್ದಳು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಮನೆ ಹೂಡುವ ಕೆಲಸ ಶುರುವಾಯಿತು, ಅದರ ಜೊತೆಗೆ ಸದಾಶಿವನ ಹೊಟ್ಟೆಯಲ್ಲಿ ಇನ್ನೊಂದು ಶುರುವಾಯಿತು. ನಳಕ್ಕೆ ನೀರು ಯಾವಾಗ ಬರುತ್ತದೆ ಎಂದರೆ ಸುವರ್ಣಾ, "ಮೂರು ದಿನಕ್ಕೊಮ್ಮಿ, ಮುಂಜಾನಿ ಆರಕ್ಕ. ಸಿದ್ರಾಮ ಸರ್ ಹೇಳ್ಯಾರ" ಎನ್ನುವಳು. ಒಲೆ ಎಲ್ಲಿಡಲಿ ಎಂದರೆ, "ಖಿಡಕಿ ಬಾಜೂ ಇಡ್ರಿ. ಅಲ್ಲಿ ಮುಂಜಾನಿ ಬಿಸಲ ಬೀಳತೈತಂತ, ಸಿದ್ರಾಮ ಸರ್ ಹೇಳಿದ್ರು." ಕಪಾಟು ತಿರುಗಿಸಿದರೆ ಸಿದ್ರಾಮ ಸರ್, ಹಾಸಿಗೆ ಹಾಸಿದರೆ ಸಿದ್ರಾಮ ಸರ್. ಇವನು ಮನೆಯಲ್ಲಿ ರೊಟ್ಟಿ ಬಡಿದು, ಕೂಸಿನ ಬಟ್ಟೆ ಒಗೆದು ಕೈ ಸವೆಸುತ್ತಿದ್ದ; ಮನೆಯ ಯಜಮಾನಿಕೆ ಮಾತ್ರ ಕಾಣದ ಗಂಡಸೊಬ್ಬನದು.

ಕಾಣದ ಗಂಡಸು, ಅದೇ ನೋಡಿ ಇನ್ನೂ ಉರಿಸಿದ್ದು. ಇಷ್ಟೆಲ್ಲ ಹೇಳುವವನು ಸಾಮಾನು ಇಳಿಸಲು ಬರಲಿಲ್ಲ, ಹಾಲು ಉಕ್ಕಿಸಿದ ದಿನ ಕರೆದರೂ ಬರಲಿಲ್ಲ. ಎದುರಿಗೆ ಬರಲು ಯಾಕೆ ಅಂಜುತ್ತಾನೆ? ಸದಾಶಿವ ಮನಸ್ಸಿನಲ್ಲೇ ಒಬ್ಬ ಸಿದ್ರಾಮನನ್ನು ಮಾಡಿಕೊಂಡ. ಎತ್ತರದ ಆಳು, ತಿದ್ದಿದ ಮೀಸೆ, ಇಸ್ತ್ರಿ ಮುರಿಯದ ಅಂಗಿ, ಮೈಗೆ ಅತ್ತರು.

ನಾಲ್ಕನೆಯ ದಿನದ ಮಾತು. ತೊಟ್ಟಿಲು ಕಟ್ಟಲು ಜಾಗವೇ ಸಿಗದೆ ಮುತ್ತು ನೆಲದ ಮೇಲೆ ಮಲಗಲೊಲ್ಲದೆ ಅಳುತ್ತಿದ್ದ. ಸದಾಶಿವ ಎರಡೂ ಖೋಲಿಯಲ್ಲಿ ಕತ್ತೆತ್ತಿ ಹುಡುಕಿ ಸೋತಿದ್ದ. ಸಂಜೆ ಶಾಲೆಯಿಂದ ಬಂದ ಸುವರ್ಣಾ ಚಪ್ಪಲಿ ಬಿಡುತ್ತಲೇ ಅಂದಳು:

"ರೀ, ಒಳಗಿನ ಖೋಲ್ಯಾಗ ತೊಲಿ ಹಿಂದ ಒಂದ ಕೊಂಡಿ ಐತಂತ. ಸುಣ್ಣ ಬಳದಾರ, ಕಾಣೂದಿಲ್ಲ. ತೊಟ್ಟಲಾ ಅಲ್ಲೇ ಕಟ್ಟಿದ್ರೇನು ಅಂತ ಸಿದ್ರಾಮ ಸರ್ ಕೇಳಿದ್ರು."

ಸದಾಶಿವ ಕುರ್ಚಿ ಇಟ್ಟು ಹತ್ತಿ ಕೈಯಾಡಿಸಿದ. ಕೊಂಡಿ ಇತ್ತು. ಬಾಗಿಲಲ್ಲಿ ನಿಂತರೆ ಕಾಣದು, ನಡುಮನೆಯಿಂದ ಕಾಣದು. ಒಳಗೆ ಬಂದು, ಗೋಡೆಗೆ ಬೆನ್ನು ಹಚ್ಚಿ ಕತ್ತೆತ್ತಿದವನಿಗೆ ಮಾತ್ರ ಕಾಣುವ ಕೊಂಡಿ. ತಾವು ಮಲಗುವ ಖೋಲಿ ಅದು. ಅಲ್ಲಿಗೆ ಆ ಮನುಷ್ಯ ಯಾವಾಗ ಬಂದಿದ್ದ? ತಾನು ನಂದಾಳ ಹೆಸರು ಹಚ್ಚಲು ಸಾಲೆಗೆ ಹೋದಾಗಲೋ? ಸಂತೆಗೆ ಹೋದ ದಿನವೋ? ಹೆಂಡತಿ ಕೈತಪ್ಪಿ ಹೋಗುತ್ತಿದ್ದಾಳೆ, ತಾನು ಊರು ಬಿಟ್ಟು ಬಂದು ಅವಳ ಬಟ್ಟೆ ಮಡಚುತ್ತ ಕೂತಿದ್ದೇನೆ ಎಂದು ಅವನಿಗೆ ಖಾತ್ರಿಯಾಯಿತು.

ಬಾಯಿಬಿಟ್ಟು ಕೇಳಬಹುದಿತ್ತು. ಹೊಟ್ಟೆಕಿಚ್ಚಿನವನು ಕೇಳುವುದಿಲ್ಲ, ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಹೆದರಿಕೆ ಅವನಿಗೆ. ಬದಲಿಗೆ ಅತ್ತೆ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎಂಬಂತೆ ಮನೆಯ ಮೇಲೆ ತೀರಿಸಿಕೊಂಡ. ತೊಟ್ಟಿಲನ್ನು ಆ ಕೊಂಡಿಗೆ ಕಟ್ಟದೆ ನಡುಮನೆಯ ಖಿಡಕಿಯ ಸರಳಿಗೆ ಓರೆಯಾಗಿ ಬಿಗಿದ. ಒಲೆಯನ್ನು ಕತ್ತಲೆ ಮೂಲೆಗೆ ತಳ್ಳಿ, ಬಿಸಿಲು ಬರುವ ಅಡಿಗೆಮನೆಯ ಖಿಡಕಿಗೆ ದೊಡ್ಡ ಕಪಾಟು ಅಡ್ಡ ಇಟ್ಟ. ನೀರಿನ ಬ್ಯಾರಲ್ಲನ್ನು ನಳದಿಂದ ಇಪ್ಪತ್ತು ಹೆಜ್ಜೆ ದೂರ ಸರಿಸಿದ. ಕೊಡ ಹೊತ್ತು ಓಡಾಡಬೇಕಾದವನು ತಾನೇ ಎಂಬುದೂ ನೆನಪಾಗಲಿಲ್ಲ.

"ಏನ ಮಾಡಾಕತ್ತೀರಿ ಇದು?" ಎಂದಳು ಸುವರ್ಣಾ, ಹಗಲಲ್ಲೇ ದೀಪ ಹಾಕಿ ಅಕ್ಕಿ ಆರಿಸುತ್ತ.

"ನನ್ನ ಮನಿ. ನನಗ ತಿಳದಂಗ ಇಡತೇನಿ."

ಅವಳು ಅವನ ಮುಖ ನೋಡಿದಳು, ಏನೋ ಹೇಳಲು ಹೋಗಿ ಬಿಟ್ಟಳು. ಆ ಮೌನವೂ ಅವನಿಗೆ ಸಾಕ್ಷಿಯಾಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಭಾನುವಾರ, ಊರಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದ. ಸಿದ್ರಾಮ ಸರ್ ಗೋಕಾಕ ಫಾಲ್ಸಿನಲ್ಲಿ ಹೆಂಡತಿಯ ತವರುಮನೆಯಲ್ಲಿದ್ದಾರೆ, ದಿನಾ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಬರುತ್ತಾರೆ ಎಂದು ಸುವರ್ಣಾಳ ಬಾಯಿಂದಲೇ ಕೇಳಿದ್ದ. ಹಾದಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದ: ನನ್ನ ಮನಿ ಒಳಗಿನ ಖೋಲಿ ಸುದ್ದಿ ನಿನಗ್ಯಾಕೋ? ಫಾಲ್ಸಿನಲ್ಲಿ ಇಳಿದಾಗ ನೀರಿನ ಸದ್ದಿಗೆ ತನ್ನ ಮಾತು ತನಗೇ ಕೇಳದಾಯಿತು. ಗಿರಣಿಯ ಹಿಂದಿನ ಸಾಲುಮನೆಗಳ ಚಾಳಿನಲ್ಲಿ ಗಣಿತ ಮಾಸ್ತರರ ಮನೆ ಯಾವುದೆಂದು ಕೇಳಿದರೆ ಎಲ್ಲರೂ ತೋರಿಸಿದರು.

ಬಾಗಿಲು ತೆಗೆದವಳು ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸು.

"ಮಾಸ್ತರ ಅದಾರೇನ್ರಿ?"

"ಇಲ್ರಿ. ಐತಾರ ಬಂದ್ರ ಬಾಡಗಿ ಮನಿ ನೋಡಾಕ ಹೋಗ್ತಾರ್ರಿ. ಒಂಬತ್ತ ತಿಂಗಳಾತು ಹುಡುಕಾಕತ್ತಿ. ನೀವ್ಯಾರ್ರಿ?"

"ನಾ ಸುವರ್ಣಾನ ಗಂಡ, ಸದಾಶಿವ."

ಅವಳ ಮುಖ ಅರಳಿತು. "ಟೀಚರ್ ಯಜಮಾನ್ರಾ! ಬರ್ರಿ, ಒಳಗ ಬರ್ರಿ. ನಾ ಆಮ್ರಪಾಲಿ, ಮಾಸ್ತರ ಹೆಂಡ್ತಿ."

ಒಂದೇ ಖೋಲಿ. ಅದರಲ್ಲೇ ಅವಳ ಅಪ್ಪ ಅವ್ವ, ತಮ್ಮ, ಇವರು ಮೂವರು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಬಾಜೂ ನೀಲಿ ಕೋಟಿನ ಬಾಬಾಸಾಹೇಬರ ಫೋಟೋ. ಅದರ ಕೆಳಗೆ ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಅಂಟಿಸಿದ ಒಂದು ನಕ್ಷೆ. ಹಿತ್ತಲ ಬಾಗಿಲಿಗೆ ಮೂರು ಮೆಟ್ಟಿಲು, ಬೇವಿನ ಮರ, ನಳ. ಸದಾಶಿವ ಕಣ್ಣು ಕಿರಿದು ಮಾಡಿದ. ಅದು ತನ್ನದೇ ಮನೆ. ಅಡಿಗೆಮನೆಯ ಖಿಡಕಿಯಿಂದ ಬಿಸಿಲಿನ ಗೆರೆಗಳು ಒಲೆಯವರೆಗೆ ಬಂದಿದ್ದವು. ಒಳಗಿನ ಖೋಲಿಯಲ್ಲಿ ಸಣ್ಣ ಸೊನ್ನೆ ಸುತ್ತಿ 'ತೊಟ್ಟಿಲು' ಎಂದು ಬರೆದಿತ್ತು.

"ನಿಮ್ಮ ಮನಿನ ಅದು" ಎಂದು ನಕ್ಕಳು ಆಮ್ರಪಾಲಿ. "ಟೇಪ ಹಿಡಕೊಂಡ ಹೋಗಿ ಅಳದ ಬಂದಿದ್ರರಿ ಇವ್ರು. ಕೊಂಡಿ ಗಟ್ಟಿ ಐತಿಲ್ಲೋ ಅಂತ ತಾವ ಅದಕ್ಕ ಜೋತ ಬಿದ್ದ ನೋಡ್ಯಾರ! ಎಲ್ಲಾ ಆಗಿ ಚಾವಿ ತಗೋಳೂ ಹೊತ್ತಿಗಿ ಆ ಕಾಕೂ ಅಡ್ಡಹೆಸರ ಕೇಳಿದ್ರಂತ. ಇವ್ರು ಹೇಳಿದ್ರು. ಆವಾಗ ನೆನಪಾತಂತ ಅವ್ರಿಗೆ, ಮಗಳು ಬಾಣಂತನಕ್ಕ ಬರಾಕಿ ಅದಾಳ, ಮನಿ ಕೊಡಾಕ ಬರೂದಿಲ್ಲಂತ."

ಒಂದು ಮಗಳೂ ಇಲ್ಲವೆಂದು ರಾಮವ್ವ ಮೂಗು ಒರೆಸಿಕೊಂಡದ್ದು ಸದಾಶಿವನಿಗೆ ನೆನಪಾಯಿತು. ಬಸ್ಸಿನುದ್ದಕ್ಕೂ ಕಲಿತ ಮಾತು ಎಲ್ಲಿ ಹೋಯಿತೋ.

"ಹಾಳಿ ಹರದ ಒಗಿ ಅಂತಾರ ಇವ್ರು. ನಾ ಬಿಟ್ಟಿಲ್ರಿ. ಯಾವ ಮನಿ ಸಿಕ್ಕರೂ ಸಾಮಾನ ಹಿಂಗ ಇಡೂನು ಅಂತ." ಅವಳು ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿದಳು. "ನಾ ಆ ಮನಿ ಕಣ್ಣಿಲೆ ನೋಡಿಲ್ರಿ. ಅಡಗಿಮನ್ಯಾಗ ಮುಂಜಾನಿ ಖರೇನ ಬಿಸಲ ಬರತೈತೇನ್ರಿ?"

ಕಪಾಟು ಅಡ್ಡ ಇಟ್ಟ ಮಹಾಶಯ ನೆಲ ನೋಡುತ್ತ, "ಬರತೈತ್ರಿ. ಒಲಿ ತನಕ ಬರತೈತಿ" ಎಂದ.

ಮನೆಗೆ ಬಂದವನು ಸುವರ್ಣಾಳ ಮುಂದೆ ಎಲ್ಲವನ್ನೂ ಕಕ್ಕಿದ, ತನ್ನ ಸಂಶಯವನ್ನೂ ಸೇರಿಸಿ. ಅವಳು ಬೈಯುತ್ತಾಳೆಂದುಕೊಂಡಿದ್ದ, ಅವಳು ಅತ್ತಳು. ಆಮೇಲೆ ಬೈದಳು. "ನನ್ನ ಒಂದ ಮಾತ ಕೇಳಬಾರದಾಗಿತ್ತೇನ್ರಿ? ಕೇಳಿದ್ರ ಹೇಳತಿದ್ನಿ. ನಿಮಗ ಹೇಳಬ್ಯಾಡ್ರಿ ಅಂದಿದ್ರು ಸರ್. ಗೊತ್ತಾದ್ರ ನೀವು ಈ ಮನಿ ಬ್ಯಾಡ ಅಂದೀರಿ, ನಿಮ್ಮ ಮಕ್ಕಳಿಗೂ ಮನಿ ತಪ್ಪೀತು ಅಂದ್ರು."

ಸದಾಶಿವನಿಗೆ ಚುಚ್ಚಿದ್ದು ಅದು. ಗೊತ್ತಿದ್ದರೂ ತಾನು ಬೇಡ ಅನ್ನುತ್ತಿರಲಿಲ್ಲ. ಚಾವಿ ಇಸಿದುಕೊಂಡು ಬಾಗಿಲು ತೆಗೆಯುತ್ತಿದ್ದ. ತಾನು ಕಂಡೂ ಇಲ್ಲದ ಆ ಮನುಷ್ಯ ತನ್ನನ್ನು ತನಗಿಂತ ಒಳ್ಳೆಯವನೆಂದು ತಿಳಿದಿದ್ದ. ಹೊಟ್ಟೆಕಿಚ್ಚು ಆರಲಿಲ್ಲ, ಜಾಗ ಬದಲಿಸಿತು. ಹಾಗೆ ತಿಳಿಯುವ ಮನಸ್ಸು ತನಗೇಕೆ ಇಲ್ಲ ಎಂದು ಉರಿಯಿತು. ಆ ಸಂಜೆಯೇ ಕಪಾಟು ಸರಿಸಿದ, ಒಲೆಯನ್ನು ಖಿಡಕಿಯ ಬಾಜೂ ತಂದ, ತೊಟ್ಟಿಲನ್ನು ಕೊಂಡಿಗೆ ಏರಿಸಿದ.

ಮುಂದಿನ ಭಾನುವಾರ ಊಟಕ್ಕೆ ಬರಲೇಬೇಕೆಂದು ಸದಾಶಿವನೇ ಫೋನು ಮಾಡಿ ಕರೆದ. "ಬ್ಯಾಡ್ರಿ, ನಿಮಗ ಮನಿ ಹೋದೀತು" ಎಂದರು ಸಿದ್ರಾಮ ಸರ್. "ಹೋದ್ರ ಇಬ್ಬರೂ ಕೂಡಿ ಹುಡಕೂನ್ರಿ" ಎಂದ ಇವನು. ಹೇಳಿದ ಮೇಲೆ ಅವನಿಗೂ ಹೆದರಿಕೆಯಾಯಿತು, ಸುಳ್ಳೇಕೆ.

ಬಂದರು. ಸಿದ್ರಾಮ ಸರ್ ಗಿಡ್ಡ ಆಳು, ಹಣೆ ಬೋಳು, ದಪ್ಪ ಗಾಜಿನ ಚಾಳೀಸು, ಕಂಕುಳಲ್ಲಿ ಛತ್ರಿ. ಅತ್ತರಿನ ಸುಳಿವೂ ಇಲ್ಲ. "ಇಲ್ಲೇ ಕಟ್ಟಿ ಮ್ಯಾಲ ಕುಂದರತೇವ್ರಿ" ಎಂದು ಅಂಗಳದಲ್ಲೇ ನಿಂತರು. ಆಮ್ರಪಾಲಿ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಕೂಸಿನ ಸಮೇತ ಒಳಗೆ ಹೋದಳು. ಅಡಿಗೆಮನೆಗೆ ಹೋಗಿ ಖಿಡಕಿಯ ಮುಂದೆ ಒಂದು ಗಳಿಗೆ ನಿಂತಳು, ಒಲೆಯ ಕಟ್ಟೆಯನ್ನು ಅಂಗೈಯಿಂದ ಸವರಿದಳು, ಹಿತ್ತಲ ಬಾಗಿಲು ತೆಗೆದು ಬೇವಿನ ಮರ ನೋಡಿ ಬಂದು ಒಳಗಿನ ಖೋಲಿಗೆ ನಡೆದಳು. ಯಾರೂ ಅವಳಿಗೆ ದಾರಿ ತೋರಿಸಬೇಕಾಗಲಿಲ್ಲ. ಮುತ್ತು ಸುವರ್ಣಾಳ ಮಡಿಲಲ್ಲಿದ್ದ, ತೊಟ್ಟಿಲು ಖಾಲಿಯಿತ್ತು. ಕೂಸನ್ನು ಅದರಲ್ಲಿ ಮಲಗಿಸಿದಳು.

ಅಷ್ಟರಲ್ಲಿ ರಾಮವ್ವ ತನ್ನ ಬಾಗಿಲಿಗೆ ಬಂದಳು. ಸಿದ್ರಾಮ ಸರ್ ಅವರನ್ನು ಕಂಡಳು, ಗುರುತು ಸಿಕ್ಕಿತು, ಹುಬ್ಬು ಗಂಟಾಯಿತು.

"ತಮ್ಮಾ, ಒಳಗ ಹೋದಾಕಿ ಯಾರ? ತನ್ನ ಮನಿ ಇದ್ದಂಗ ಸೀದಾ ಹೋದಳಲ್ಲ!"

ಸದಾಶಿವ ನೀರಿನ ಕೊಡ ಕೆಳಗಿಟ್ಟ.

"ಗುರುತ ಸಿಗಲಿಲ್ಲೇನ್ರಿ ಕಾಕೂ? ನಿಮ್ಮ ಮಗಳು. ಬಾಣಂತನಕ್ಕ ಬರತಾಳ ಅಂತ ಈ ಮಾಸ್ತರಿಗಿ ಹೇಳಿದ್ರಲ್ಲ. ಬಂದಾಳ ನೋಡ್ರಿ."

ರಾಮವ್ವ ಒಂದು ಹೆಜ್ಜೆ ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದಳು. ಸಿದ್ರಾಮ ಸರ್ ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಒಳಗಿನ ಖೋಲಿಯಿಂದ ತೊಟ್ಟಿಲ ಕೊಂಡಿ ಕಿರುಗುಟ್ಟುವುದು ಅಂಗಳದವರೆಗೂ ಕೇಳಿಸುತ್ತಿತ್ತು.